ಕಾಯಕದಿಂದ ಹೆಸರೋ, ಹೆಸರಿನಿಂದ ಕಾಯಕವೋ?

ಶರಣ ಪರಂಪರೆಯ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿಕೊಂಡರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ತುರುಗಾಹಿ ರಾಮಣ್ಣ, ಒಕ್ಕಲಿಗ ಮುದ್ದಣ್ಣ, ವೈದ್ಯ ಸಂಗಣ್ಣ. ಇಲ್ಲಿ ವ್ಯಕ್ತಿಯ ಹೆಸರಿಗಿಂತ ಮೊದಲು ಅವನು ಮಾಡುವ ಕೆಲಸ ನಿಂತಿದೆ. ಮನೆತನದ ಹಿರಿಮೆಯಲ್ಲ, ಅರಸನಿತ್ತ ಬಿರುದಲ್ಲ; ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಬಿದಿರು ಹೆಣೆಯುವುದು, ಹುಲ್ಲಿನ ಹಗ್ಗ ಹೊಸೆಯುವುದು, ದನ ಕಾಯುವುದು. ಅಂದಿನ ಸಮಾಜ ಕೀಳೆಂದು ಬಗೆದ ಕಸುಬುಗಳೇ ಇಲ್ಲಿ ಗೌರವದ ಮುನ್ನುಡಿಯಾಗಿ ಹೆಸರಿನ ತಲೆಯ ಮೇಲೆ ಕುಳಿತಿವೆ. ಎಂಟು ಶತಮಾನಗಳು ಕಳೆದ ಮೇಲೂ ಈ ಹೆಸರುಗಳು ಅಳಿಯಲಿಲ್ಲ. ಹೆಸರು ಹೀಗೆ ಉಳಿಯುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ಇಂದು ಹೊಸದಾಗಿ ಕೇಳಿಕೊಳ್ಳಬೇಕಾದ ಸಂದರ್ಭ ಒದಗಿದೆ.

ಏಕೆಂದರೆ ಇಂದಿನ ಯುವಜನರಿಗೆ ಹೆಸರಿನ ಬಗೆಗೆ ಮತ್ತೊಂದು ಪಾಠ ನಡೆಯುತ್ತಿದೆ. ಕಾಲೇಜುಗಳ ಉದ್ಯೋಗ ಶಿಬಿರಗಳಲ್ಲಿ, ಕಂಪನಿಗಳ ತರಬೇತಿಗಳಲ್ಲಿ, ಮೊಬೈಲ್ ಫೋನಿನ ಉಪನ್ಯಾಸಗಳಲ್ಲಿ ಕೇಳಿಬರುವ ಮಾತು ಒಂದೇ: "ನಿನ್ನನ್ನು ನೀನು ಅರಿತುಕೊ, ನಿನ್ನ ಮೌಲ್ಯಗಳನ್ನು ಪಟ್ಟಿಮಾಡು, ಅವುಗಳಿಂದ ನಿನ್ನದೇ ಒಂದು ಬ್ರ್ಯಾಂಡ್ ಕಟ್ಟು, ಅದನ್ನು ಎಲ್ಲರಿಗೂ ತೋರಿಸು." ಅಮೆರಿಕದ ಟಾಮ್ ಪೀಟರ್ಸ್ ಎಂಬ ಆಡಳಿತ ಶಾಸ್ತ್ರದ ಬರಹಗಾರರು 1997ರಲ್ಲಿ 'ಫಾಸ್ಟ್ ಕಂಪನಿ' ಎಂಬ ಪತ್ರಿಕೆಯಲ್ಲಿ ಬರೆದ ಒಂದು ಲೇಖನ ಈ ವಿಚಾರವನ್ನು ಜಗತ್ತಿನಾದ್ಯಂತ ಹಬ್ಬಿಸಿತು. ಸೋಪಿಗೆ, ಬೂಟಿಗೆ ಇರುವಂತೆ ಮನುಷ್ಯನಿಗೂ ಒಂದು ಬ್ರ್ಯಾಂಡ್ ಇರಬೇಕೆಂಬುದು ಅದರ ಸಾರ. 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್ ಮೊದಲಾದ ಜಾಲತಾಣಗಳು ಆ ವಿಚಾರಕ್ಕೆ ಅಂಗಡಿಯನ್ನೇ ತೆರೆದುಕೊಟ್ಟವು. ಇಂದು ಕೆಲಸ ಹುಡುಕುವವರು ತಮ್ಮ ಕುರಿತು ನಾಲ್ಕು ಸಾಲು ಬರೆಯದೆ ಮುಂದಕ್ಕೆ ಹೆಜ್ಜೆ ಇಡುವಂತಿಲ್ಲ.

ಶರಣರನ್ನು ನಂಬಿದವರು ಈ ಉಪದೇಶವನ್ನು ಹೇಗೆ ಕಾಣಬೇಕು? ಸಾರಾಸಗಟಾಗಿ ತಳ್ಳಿಹಾಕುವುದು ಸುಲಭ, ಅದು ನ್ಯಾಯವಲ್ಲ. ತನ್ನನ್ನು ತಾನು ಅರಿಯಬೇಕೆಂಬುದು, ಮಾಡುವ ಕೆಲಸಕ್ಕೂ ನಂಬಿದ ಮೌಲ್ಯಕ್ಕೂ ಬಿರುಕಿರಬಾರದೆಂಬುದು ವಚನ ಸಾಹಿತ್ಯದ ಹೃದಯದಲ್ಲೇ ಇರುವ ಮಾತು. ಆದರೆ ಆ ಎರಡರಿಂದ ಹೆಸರು ಹುಟ್ಟುವ ಬಗೆ ಯಾವುದು ಎಂಬಲ್ಲಿ ಇಂದಿನ ಪಾಠಕ್ಕೂ ಶರಣರ ಬಾಳಿಗೂ ಬಲು ಅಂತರವಿದೆ. ಆ ಅಂತರವನ್ನು ಅರಿಯಲು ಕೋಲಾರ ಜಿಲ್ಲೆಯಷ್ಟು ತಕ್ಕ ನೆಲ ಮತ್ತೊಂದಿಲ್ಲ.

ಕೊರಳಿನ ಚೀಟಿ

ಕೋಲಾರದ ಜನ ಕಂಪನಿಯ ಹೆಸರಿನಲ್ಲಿ ಬಾಳಿದವರು. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಚಿನ್ನದ ಗಣಿಗಳು ಒಂದು ಊರನ್ನೇ ಕಟ್ಟಿದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದುಬಂದದ್ದು ಈ ಗಣಿಗಳಿಗಾಗಿ. ಭೂಮಿಯೊಳಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ದುಡಿದವರಿಗೆ "ಏನು ಕೆಲಸ" ಎಂದು ಕೇಳಿದರೆ "ಮೈನಿನಲ್ಲಿ" ಎಂಬ ಒಂದೇ ಮಾತಿನಲ್ಲಿ ಪರಿಚಯ ಮುಗಿಯುತ್ತಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಸಂಬಳದ ಜೊತೆಗೆ ಆ ಪರಿಚಯವೂ ಹೋಯಿತು. ಮನೆಯ ಮಕ್ಕಳು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವುದು ಅಲ್ಲಿನ ದಿನಚರಿಯಾಯಿತು.

ಇದು ಹಳೆಯ ಕಥೆಯೆನ್ನುವಂತಿಲ್ಲ. ಹೆದ್ದಾರಿಯ ಬದಿಯ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಫೋನು ಜೋಡಿಸುವ ಕಾರ್ಖಾನೆಯನ್ನು ತೈವಾನಿನ ವಿಸ್ಟ್ರಾನ್ ಕಂಪನಿ ನಡೆಸುತ್ತಿತ್ತು. 2023ರಲ್ಲಿ ಅದನ್ನು ಟಾಟಾ ಸಂಸ್ಥೆ ಕೊಂಡುಕೊಂಡಿತು. ಕೆಲಸದ ಮೇಜು ಅದೇ, ಸ್ಕ್ರೂ ಬಿಗಿಯುವ ಬೆರಳುಗಳು ಅವೇ. ಕಾರ್ಖಾನೆಯ ಹೆಸರು ಮಾತ್ರ ಬೇರೆಯಾಯಿತು. ಕೊರಳಿನ ಚೀಟಿಯಲ್ಲಿರುವುದು ತನ್ನ ಹೆಸರಲ್ಲ, ತನ್ನನ್ನು ಸದ್ಯಕ್ಕೆ ಇಟ್ಟುಕೊಂಡವರ ಹೆಸರು ಎಂಬುದನ್ನು ಇಂಥ ಬದಲಾವಣೆಗಳು ತಿಳಿಸಿಕೊಡುತ್ತವೆ. ಆದ್ದರಿಂದ ತನಗೆಂದೇ ಒಂದು ಹೆಸರು ಬೇಕು, ಕಂಪನಿ ಮುಚ್ಚಿದರೂ ಕೈಮಾರಿದರೂ ಅದು ಉಳಿಯಬೇಕು ಎಂದು ಈ ಜಿಲ್ಲೆಯ ತರುಣರು ಬಯಸಿದರೆ ಅದನ್ನು ಅಹಂಕಾರವೆನ್ನಲಾಗದು. ಅದು ಬದುಕಿನ ಅಗತ್ಯ. ಪ್ರಶ್ನೆ ಇರುವುದು ಆ ಹೆಸರನ್ನು ಪಡೆಯುವ ದಾರಿಯಲ್ಲಿ.

ಅಂಕಿತದ ಅರ್ಥ

ಶರಣರಿಗೂ ಒಂದು ಮುದ್ರೆಯಿತ್ತು. ಪ್ರತಿ ವಚನದ ಕೊನೆಗೆ ಬರುವ ಅಂಕಿತವನ್ನು ನೋಡಿದೊಡನೆ ಬಲ್ಲವರು ಇದು ಇಂಥವರ ವಚನವೆಂದು ಗುರುತಿಸುತ್ತಾರೆ. ಇಂದಿನ ಮಾತಿನಲ್ಲಿ ಇದನ್ನೇ ಬ್ರ್ಯಾಂಡ್ ಎಂದುಬಿಡಬಹುದಲ್ಲವೇ ಎಂದು ಕೆಲವರು ಕೇಳಬಹುದು. ಆದರೆ ಅಂಕಿತಗಳೊಳಗೆ ಏನಿದೆಯೆಂಬುದನ್ನು ಗಮನಿಸಬೇಕು. ಬಸವಣ್ಣನವರ ಅಂಕಿತದಲ್ಲಿ ಬಸವಣ್ಣನವರ ಹೆಸರಿಲ್ಲ, ಕೂಡಲಸಂಗಮನಿದ್ದಾನೆ. ಬಹುರೂಪಿ ಚೌಡಯ್ಯನದು ರೇಕಣ್ಣಪ್ರಿಯ ನಾಗಿನಾಥ. ಅಲ್ಲಿ ತನಗೆ ದಾರಿ ತೋರಿದ ಗುರುವಿನ ಹೆಸರು ಮುಂದೆ ನಿಂತಿದೆ. ಆಯ್ದಕ್ಕಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ; ಅಲ್ಲಿ ಕಾಯಕದ ಸಂಗಾತಿಯಾದ ಪತಿ ಸೇರಿದ್ದಾನೆ. ಉರಿಲಿಂಗಪೆದ್ದಿಯ ಅಂಕಿತದೊಳಗೆ ಉರಿಲಿಂಗದೇವರು ನೆಲೆಸಿದ್ದಾರೆ. ಹೀಗೆ ಅಂಕಿತವೆಂಬುದು "ಇದು ನಾನು" ಎಂಬ ಘೋಷಣೆಗಿಂತ ಹೆಚ್ಚಾಗಿ "ನಾನು ಇಂಥವರಿಗೆ ಋಣಿ, ಇಂಥದಕ್ಕೆ ಬದ್ಧ" ಎಂಬ ಒಪ್ಪಿಗೆಯ ಮುದ್ರೆ.

ಇದಕ್ಕೆ ಹೊರತಾಗಿ ತನ್ನ ಹೆಸರನ್ನೇ ಅಂಕಿತವಾಗಿರಿಸಿಕೊಂಡವನು ಅಂಬಿಗರ ಚೌಡಯ್ಯ. ಅವನ ವಚನಗಳು ಕಟುವಾದವು; ಡಾಂಭಿಕರನ್ನು ಎದುರು ನಿಲ್ಲಿಸಿ ಬಯ್ಯುವಂಥವು. ಅಷ್ಟು ಕಠಿಣವಾಗಿ ನುಡಿಯುವವನು ಆ ನುಡಿಯ ಹೊಣೆಯನ್ನು ದೇವರ ಮೇಲೆ ಹೊರಿಸದೆ ತಾನೇ ಹೊತ್ತುಕೊಂಡನೆಂದು ಅದನ್ನು ಅರ್ಥಮಾಡಿಕೊಳ್ಳುವುದಕ್ಕೆ ಅವಕಾಶವಿದೆ. ಋಣವನ್ನು ನೆನೆಯುವುದು, ಹೊಣೆಯನ್ನು ಹೊರುವುದು, ಇವೆರಡೇ ಅಂಕಿತದ ಗುಣಗಳು. ತನ್ನನ್ನು ಮಾರಾಟಕ್ಕೆ ಇಡುವ ಉದ್ದೇಶ ಅದಕ್ಕಿಲ್ಲ.

ಮೋಳಿಗೆಯ ಮಾರಯ್ಯನ ಹೆಸರನ್ನು ಇಲ್ಲಿ ನೆನೆಯಬೇಕು. ಅವನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಮಾರಿ ಬಾಳಿದನೆಂದು ಪರಂಪರೆ ಹೇಳುತ್ತದೆ. ಅರಸುತನಕ್ಕಿಂತ ದೊಡ್ಡ ಪರಿಚಯ ಬೇರೆ ಯಾವುದಿದ್ದೀತು? ಆದರೆ ಅವನು ಉಳಿದದ್ದು ಬಿಟ್ಟುಬಂದ ಸಿಂಹಾಸನದ ಹೆಸರಿನಿಂದಲ್ಲ, ದಿನವೂ ತಲೆಯ ಮೇಲೆ ಹೊತ್ತ ಸೌದೆಯ ಹೆಸರಿನಿಂದ. ಇಂದಿನವರು ತಮ್ಮ ಪರಿಚಯ ಬರೆಯುವಾಗ ಹಿಂದೆ ಹೊಂದಿದ್ದ ಪದವಿಗಳನ್ನೇ ಮೊದಲು ಬರೆಯುತ್ತಾರೆ. ಮಾರಯ್ಯನ ಹೆಸರು ಇಂದು ಮಾಡುತ್ತಿರುವುದನ್ನು ಮೊದಲು ಹೇಳುತ್ತದೆ.

ಮುಳಬಾಗಿಲಿನ ಒಬ್ಬರು

ಇದು ಹನ್ನೆರಡನೆಯ ಶತಮಾನದ ಮಾತಾಯಿತು, ಸಂಬಳ ಪಡೆದು ಬಾಳುವ ಈ ಕಾಲಕ್ಕೆ ಇದು ಹೊಂದುವುದೇ ಎಂಬ ಸಂಶಯ ಸಹಜ. ಅದಕ್ಕೆ ಉತ್ತರವಾಗಿ ಕೋಲಾರದ ಮಣ್ಣಿನ ಇಬ್ಬರು ಮಹನೀಯರ ಬಾಳನ್ನು ನೋಡಬಹುದು. ಇಬ್ಬರೂ ಶರಣ ಪರಂಪರೆಗೆ ಸೇರಿದವರಲ್ಲ. ಆದರೆ ಕಾಯಕ, ದಾಸೋಹಗಳ ನಿಜವಾದ ಅರ್ಥ ಯಾವ ಮನೆಯಲ್ಲಿ ಕಂಡರೂ ಅದನ್ನು ಗೌರವಿಸುವುದು ಶರಣರು ಕಲಿಸಿದ ಪಾಠವೇ ಆಗಿದೆ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ರ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಚಿನ್ನದ ಗಣಿಯ ಊರಿನ ಸೋಡಾ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ದುಡಿದರು. ಇಂದಿನ ಅಳತೆಯಲ್ಲಿ ನೋಡಿದರೆ ಅವರ ಪರಿಚಯ ಪತ್ರದಲ್ಲಿ ತೋರಿಸಿಕೊಳ್ಳಲು ಏನೂ ಇರಲಿಲ್ಲ. ಪತ್ರಿಕೆಗಳಿಗೆ ಬರೆಯತೊಡಗಿದ ಮೇಲೆ ತಮ್ಮ ಸ್ವಭಾವಕ್ಕೆ ಒಪ್ಪುವ ಕೆಲಸ ಯಾವುದೆಂಬುದು ಅವರಿಗೆ ತಿಳಿಯಿತು. ಇಲ್ಲಿ ಒಂದು ಅಂಶ ಮುಖ್ಯ. ಆತ್ಮಶೋಧನೆ ಮೊದಲು ಮುಗಿದು ಕೆಲಸ ಆಮೇಲೆ ಆರಂಭವಾದದ್ದಲ್ಲ. ಕೈಗೆ ಸಿಕ್ಕ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ತಮ್ಮೊಳಗಿನ ಒಲವು ಅವರಿಗೆ ಗೋಚರವಾಯಿತು. ಕಾಯಕವೇ ಕನ್ನಡಿಯಾಯಿತು.

ಅವರು 'ಕರ್ನಾಟಕ' ಎಂಬ ಪತ್ರಿಕೆಯನ್ನು ನಡೆಸಿದರು, 'ವೃತ್ತಪತ್ರಿಕೆ' ಎಂಬ ಗ್ರಂಥವನ್ನು ಬರೆದು ಆ ಕಸುಬಿನ ಧರ್ಮವನ್ನು ವಿವರಿಸಿದರು, ಮೈಸೂರು ಸಂಸ್ಥಾನದ ಶಾಸನಸಭೆಯಲ್ಲಿ ಕುಳಿತರು, 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ದಿವಾನರೊಡನೆ ಸಲಿಗೆಯಿದ್ದ ಪತ್ರಕರ್ತರಿಗೆ ಹಣ ಬರುವ ದಾರಿಗಳು ಹಲವು ಇದ್ದವು. ಸಾರ್ವಜನಿಕ ಕೆಲಸಕ್ಕೆಂದು ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸದೆ ಪೆಟ್ಟಿಗೆಯಲ್ಲಿ ಇರಿಸಿಬಿಡುತ್ತಿದ್ದರೆಂದು ಅವರನ್ನು ಬಲ್ಲವರು ಹೇಳಿಕೊಂಡು ಬಂದಿದ್ದಾರೆ. ಸರ್ಕಾರವನ್ನು ವಿಮರ್ಶಿಸಬೇಕಾದ ಲೇಖನಿ ಸರ್ಕಾರದ ಹಣಕ್ಕೆ ಕೈಯೊಡ್ಡಬಾರದೆಂಬುದು ಅವರ ಮೌಲ್ಯ. 1970ರಲ್ಲಿ ಬೆಂಗಳೂರಿನ ಕಲಾಕ್ಷೇತ್ರದಲ್ಲಿ ನಾಡಿನ ಜನ ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಅವರು 1945ರಲ್ಲಿ ತಾವೇ ಸ್ಥಾಪಿಸಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಇಡಿಯಾಗಿ ಕೊಟ್ಟುಬಿಟ್ಟರು. ಶರಣರ ಪರಿಭಾಷೆಯಲ್ಲಿ ಇದಕ್ಕೆ ದಾಸೋಹವೆಂದು ಹೆಸರು.

ಅವರ ಅಂಕಿತವನ್ನೂ ನೋಡಬೇಕು. 1943ರಲ್ಲಿ ಪ್ರಕಟವಾದ ಕಗ್ಗದ 945 ಪದ್ಯಗಳಿಗೆ ಅವರು ಆರಿಸಿಕೊಂಡ ಮುದ್ರೆ 'ಮಂಕುತಿಮ್ಮ'. ಜ್ಞಾನಿಯೆಂದೋ ಕವಿಯೆಂದೋ ಕರೆದುಕೊಳ್ಳದೆ ಮಂಕನೆಂದು ಕರೆದುಕೊಂಡವರ ಮಾತನ್ನು ನಾಡು ಇಂದಿಗೂ ಮನೆಮನೆಯಲ್ಲಿ ನೆನೆಯುತ್ತಿದೆ. ಕಾಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಅರಳಿ ಕಂಪು ಬೀರುವ ಹೂವಿನಂತೆ ಬಾಳು ಇರಲೆಂದು ಹಾರೈಸುವ 'ವನಸುಮ' ಅವರದೇ ಕವಿತೆ. ನೆನಪುಗಳನ್ನು ಬರೆಯಲು ಕುಳಿತಾಗ 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳನ್ನು ತುಂಬಿದ್ದು ಬಹುಪಾಲು ತಮಗಿಂತ ಹಿರಿಯರ, ಗೆಳೆಯರ, ಕಲಾವಿದರ, ವೈದಿಕರ ಚಿತ್ರಗಳಿಂದ. ತಮ್ಮ ಬಗೆಗೆ ಇಷ್ಟು ಕಡಿಮೆ ಹೇಳಿಕೊಂಡವರ ಹೆಸರಿನ ಮೂರು ಅಕ್ಷರಗಳು ಸಾಕು, ಇಡೀ ಕನ್ನಡ ನಾಡು ಎದ್ದು ನಿಲ್ಲುತ್ತದೆ. ಡಿ.ವಿ.ಜಿ. ಎಂಬುದು ಕಟ್ಟಿದ ಬ್ರ್ಯಾಂಡ್ ಅಲ್ಲ. ಕಟ್ಟಿಕೊಂಡ ಬದುಕಿಗೆ ಜನ ಇಟ್ಟ ಹೆಸರು.

ಮಾಲೂರಿನ ಮತ್ತೊಬ್ಬರು

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಬಾಳು ಇದಕ್ಕೆ ಬೇರೆ ಬಗೆಯದು. ಮಾಲೂರು ತಾಲ್ಲೂಕಿನ ಮಾಸ್ತಿಯ ಮನೆತನದ ಅವರು 1891ರ ಜೂನ್ 6ರಂದು ಹುಟ್ಟಿದರು. ಓದಿನಲ್ಲಿ ಮುಂದು, ಮದರಾಸು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಎಂ.ಎ. ಪಡೆದು ಮೈಸೂರು ಸಿವಿಲ್ ಸರ್ವಿಸ್ ಸೇರಿದರು. ಮನೆಯ ಮಾತು ತಮಿಳು, ಕಲಿತ ಸಾಹಿತ್ಯ ಇಂಗ್ಲಿಷ್, ಬರೆಯಲು ಆರಿಸಿಕೊಂಡದ್ದು ಕನ್ನಡ. ಆ ಕಾಲದಲ್ಲಿ ಉದ್ಯೋಗದ ಏಳಿಗೆಗೆ ಕನ್ನಡದ ಸಣ್ಣ ಕಥೆಯಿಂದ ಯಾವ ಲಾಭವೂ ಇರಲಿಲ್ಲ. ಆದರೂ 1920ರಲ್ಲಿ 'ಕೆಲವು ಸಣ್ಣ ಕಥೆಗಳು' ಎಂಬ ಪುಸ್ತಕವನ್ನು 'ಶ್ರೀನಿವಾಸ'ನೆಂಬ ಕಾವ್ಯನಾಮದಲ್ಲಿ ತಂದರು. ಹಗಲು ಕಚೇರಿಯ ಕಡತ, ಉಳಿದ ಹೊತ್ತು ಬರಹ, ಹೀಗೆ ದಶಕಗಳು ಸಾಗಿದವು.

1940ರ ದಶಕದಲ್ಲಿ, ಮಂತ್ರಿಪದಕ್ಕೆ ಸಮಾನವಾದ ಹುದ್ದೆ ತಮಗೆ ಸಲ್ಲಬೇಕಾಗಿದ್ದಾಗ ತಮಗಿಂತ ಕಿರಿಯರಿಗೆ ಸಂದಿತೆಂದು ಮಾಸ್ತಿಯವರು ಉದ್ಯೋಗಕ್ಕೆ ರಾಜೀನಾಮೆ ಕೊಟ್ಟರು. ಆ ನಿರ್ಧಾರದಲ್ಲಿ ಸ್ವಾಭಿಮಾನದ ನೋವಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೌಲ್ಯವಂತರೂ ಮನುಷ್ಯರೇ. ಗಮನಿಸಬೇಕಾದದ್ದು ಹುದ್ದೆ ಹೋದ ಮೇಲೆ ಏನು ಉಳಿಯಿತು ಎಂಬುದನ್ನು. ಅನೇಕ ಅಧಿಕಾರಿಗಳಿಗೆ ಹುದ್ದೆ ಹೋದ ಮರುದಿನ ಬಾಗಿಲು ತಟ್ಟುವವರು ಇರುವುದಿಲ್ಲ. ಮಾಸ್ತಿಯವರು 1944ರಿಂದ ಸುಮಾರು ಎರಡು ದಶಕ 'ಜೀವನ' ಪತ್ರಿಕೆಯನ್ನು ಸಂಪಾದಿಸಿದರು. ಕಿರಿಯ ಬರಹಗಾರರಿಗೆ ಬೆನ್ನಾಗಿ ನಿಂತರು. 1956ರಲ್ಲಿ 'ಚಿಕವೀರ ರಾಜೇಂದ್ರ' ಕಾದಂಬರಿಯನ್ನು ಕೊಟ್ಟರು. ಆ ಕೃತಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಅವರಿಗೆ 90 ದಾಟಿತ್ತು. ಅವರು ಯಾವ ಇಲಾಖೆಯ ಯಾವ ಹುದ್ದೆಯಲ್ಲಿದ್ದರೆಂಬುದು ಇಂದು ಹೆಚ್ಚಿನವರಿಗೆ ತಿಳಿಯದು. ಊರಿನ ಹೆಸರೇ ಅವರ ಹೆಸರಾಗಿ, 'ಕನ್ನಡದ ಆಸ್ತಿ' ಎಂಬ ನಾಣ್ನುಡಿ ಎಳೆಯ ಮಕ್ಕಳ ಬಾಯಲ್ಲೂ ಇದೆ. ಕೊರಳಿನ ಚೀಟಿ ಕಳಚಿಬಿದ್ದಾಗ ಉಳಿಯುವ ಹೆಸರು, ಚೀಟಿ ಇದ್ದಾಗಲೇ ಮೌನವಾಗಿ ಗಳಿಸಿದ್ದಾಗಿರಬೇಕೆಂಬುದು ಇದರ ತಾತ್ಪರ್ಯ.

ಎಲೆಮರೆಯ ಕಾಯಿಯ ಸಂಕಟ

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಎಲೆಮರೆಯ ಕಾಯಿಯಂತೆ ಇರುವುದನ್ನು ಹೊಗಳುವುದು ಹೊಟ್ಟೆ ತುಂಬಿದವರಿಗೆ ಸುಲಭ. ಶ್ರೀನಿವಾಸಪುರದ ಹಳ್ಳಿಯೊಂದರಿಂದ ಬಂದ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಮುಗಿಸಿದ ಹೆಣ್ಣುಮಗಳಿಗೆ ಬೆಂಗಳೂರಿನಲ್ಲಿ ಶಿಫಾರಸು ಮಾಡುವವರಿಲ್ಲ, ಬಂಧುಬಳಗವಿಲ್ಲ. ತನಗೆ ಏನು ಬರುತ್ತದೆಂಬುದನ್ನು ಅವಳೇ ಹೇಳಿಕೊಳ್ಳದಿದ್ದರೆ ಹೇಳುವವರಾರು? ವಿನಯದ ಹೆಸರಿನಲ್ಲಿ ಬಡವರನ್ನೂ ಸ್ತ್ರೀಯರನ್ನೂ ತಳಸಮುದಾಯದವರನ್ನೂ ಬಾಯಿ ಮುಚ್ಚಿಸಿದ ಚರಿತ್ರೆ ಈ ನಾಡಿಗೆ ಹೊಸದಲ್ಲ.

ಶರಣರು ಈ ಆಕ್ಷೇಪದ ಪರವಾಗಿಯೇ ನಿಲ್ಲುತ್ತಾರೆ. ಮಾದಾರ, ಡೋಹರ, ಸೂಳೆ ಎಂಬ ಶಬ್ದಗಳನ್ನು ಹೆಸರಿನ ಮುಂದೆ ಧರಿಸಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸೂಳೆ ಸಂಕವ್ವೆಯರು ತಲೆಯೆತ್ತಿ ನಿಂತದ್ದು ಮರೆಯಲ್ಲಿರುವುದಕ್ಕಲ್ಲ. ಬಚ್ಚಿಡು ಎಂದು ಲೋಕ ಹೇಳಿದ್ದನ್ನೇ ಅವರು ಬಯಲಿಗೆ ತಂದರು. ಆದ್ದರಿಂದ ತನ್ನ ಕೆಲಸವನ್ನು ಹೇಳಿಕೊಳ್ಳುವುದು ತಪ್ಪಲ್ಲ. ಇರುವುದನ್ನು ಇರುವಂತೆ ಹೇಳುವುದು ಸತ್ಯಶುದ್ಧ ಕಾಯಕದ ಒಂದು ಭಾಗವೇ ಆಗಿದೆ. ತಪ್ಪಾಗುವುದು ಹೇಳಿಕೆ ಕೆಲಸಕ್ಕಿಂತ ಮುಂದೆ ಓಡಿದಾಗ. ಮೌಲ್ಯವೆಂಬುದು ಬದುಕಿನ ಕಟ್ಟಳೆಯಾಗದೆ ಪರಿಚಯ ಪತ್ರದ ಅಲಂಕಾರವಾದಾಗ.

ಇದನ್ನು ತಿಳಿಯಲು ದೊಡ್ಡ ಶಾಸ್ತ್ರವೇನೂ ಬೇಡ, ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಹೋದರೆ ಸಾಕು. ಏಷ್ಯಾದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾದ ಅಲ್ಲಿ 15 ಕೆ.ಜಿ.ಯ ಬಾಕ್ಸುಗಳ ಸಾಲುಗಳ ಮುಂದೆ ಹರಾಜು ನಡೆಯುತ್ತದೆ. ಕೊಳ್ಳುವವನಿಗೆ ಕಾಣುವುದು ಮೇಲಿನ ಹಣ್ಣು. ಮೇಲೆ ಗಟ್ಟಿಯಾದ, ಒಂದೇ ಅಳತೆಯ ಹಣ್ಣು ಜೋಡಿಸಿ ಕೆಳಗೆ ಗೋಲಿಗಾತ್ರದ್ದನ್ನೂ ಒಡೆದದ್ದನ್ನೂ ತುಂಬಿದರೆ ಆ ದಿನದ ಬೆಲೆ ಸಿಕ್ಕೀತು. ಆದರೆ ಮುಂದಿನ ಬಾರಿ ಆ ರೈತನ ಮಾಲು ಬಂದಾಗ ವರ್ತಕ ಬಾಕ್ಸನ್ನು ಬುಡಮೇಲು ಮಾಡಿ ನೋಡುತ್ತಾನೆ. ತಳದವರೆಗೂ ಒಂದೇ ಬಗೆಯ ಹಣ್ಣು ತರುವವನ ಬಾಕ್ಸನ್ನು ತಿರುವಿ ನೋಡುವ ಗೋಜಿಗೆ ಹೋಗುವವರಿಲ್ಲ. ಇಂಥವರ ತೋಟದ ಮಾಲು ಎಂದರೆ ಮಾತು ಮುಗಿಯಿತು. ಈ ನಂಬಿಕೆಗೇ ಹೆಸರೆನ್ನುವುದು. ಅದು ಹುಟ್ಟುವುದು ಬೆಳೆದವನ ಬಾಯಲ್ಲಲ್ಲ, ಕೊಂಡವನ ಅನುಭವದಲ್ಲಿ. ಅದಕ್ಕೆ ಹಲವು ಬೆಳೆಗಳ ಕಾಲ ಬೇಕಾಗುತ್ತದೆ.

ಮಾವಿನ ನಾಡಾದ ಶ್ರೀನಿವಾಸಪುರದ ಮಾತೂ ಇಷ್ಟೇ. ಹಣ್ಣನ್ನು ಬೇಗ ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ. ಪೆಟ್ಟಿಗೆಯ ಮೇಲೆ 'ನೈಸರ್ಗಿಕ' ಎಂದು ಅಚ್ಚು ಹಾಕಿಸಲು ಒಂದು ದಿನ ಸಾಕು. ನೆರೆಯವನ ಹಣ್ಣು ಮೊದಲೇ ಮಾರುಕಟ್ಟೆ ಸೇರಿ ಒಳ್ಳೆಯ ಬೆಲೆ ಪಡೆಯುವುದನ್ನು ಕಣ್ಣಾರೆ ಕಂಡೂ ಹುಲ್ಲಿನಲ್ಲಿ ಹಣ್ಣು ತಾನಾಗಿ ಮಾಗುವವರೆಗೆ ಕಾಯುವುದಕ್ಕೆ ಎದೆ ಬೇಕು. ಮೌಲ್ಯವೆಂಬುದು ಬರೆದುಕೊಂಡ ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕಾಗಿ ಬಿಟ್ಟುಕೊಟ್ಟ ಲಾಭದಲ್ಲಿ ಇರುತ್ತದೆ.

ಲಕ್ಕಮ್ಮನ ಅಳತೆ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಭಕ್ತರಿಗೆಲ್ಲ ತಿಳಿದದ್ದೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಆಯ್ದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಈ ಪ್ರಸಂಗವನ್ನು ಸಾಮಾನ್ಯವಾಗಿ ಆಸೆಯ ನಿಗ್ರಹಕ್ಕೆ ದೃಷ್ಟಾಂತವಾಗಿ ಹೇಳಲಾಗುತ್ತದೆ. ಅದರಲ್ಲಿ ಆತ್ಮಶೋಧನೆಯ ಪಾಠವೂ ಇದೆ. ತಮ್ಮ ಅಳತೆ ಎಷ್ಟೆಂಬುದು ಆ ಮನೆಗೆ ತಿಳಿದಿತ್ತು. ಅಳತೆ ಮೀರಿದ್ದನ್ನು ಹೊರಗಿನವರು ಯಾರೂ ಕಂಡಿರಲಿಲ್ಲ. ಕಂಡದ್ದು ಮನೆಯೊಳಗಿನ ಕಣ್ಣು. ತನ್ನನ್ನು ತಾನು ಅರಿಯುವುದೆಂದರೆ ತನ್ನ ಬಲಗಳನ್ನು ಮಾತ್ರ ಎಣಿಸುವುದಲ್ಲ. ಬಸವಣ್ಣನವರ ವಚನಗಳಲ್ಲಿ ತಮ್ಮ ಮನಸ್ಸಿನ ಡೊಂಕನ್ನು ತಾವೇ ಬಯಲಿಗಿಟ್ಟು ನೋಡಿಕೊಳ್ಳುವ ಆತ್ಮನಿರೀಕ್ಷೆ ಎಷ್ಟೊಂದಿದೆ ಎಂಬುದನ್ನು ಓದುಗರು ಬಲ್ಲರು. ಇಂದಿನ ತರಬೇತಿಗಳಲ್ಲಿ ಈ ಅರ್ಧವನ್ನು ಬಿಟ್ಟು ಉಳಿದರ್ಧವನ್ನಷ್ಟೇ ಹೇಳಿಕೊಡಲಾಗುತ್ತಿದೆ. ಡೊಂಕನ್ನು ಹೇಳುವ ಲಕ್ಕಮ್ಮನಂಥವರೊಬ್ಬರು ಮನೆಯಲ್ಲೋ ಗೆಳೆತನದಲ್ಲೋ ಇಲ್ಲದವರ ಆತ್ಮಶೋಧನೆ ಹೊಗಳಿಕೆಯಲ್ಲಿ ಮುಗಿಯುತ್ತದೆ.

ಹಾಗಾದರೆ ಕೆಲಸದ ಹಾದಿಯಲ್ಲಿ ಹೊರಟಿರುವ ತರುಣ ತರುಣಿಯರು ಮಾಡಬೇಕಾದದ್ದೇನು? ತಮ್ಮ ಪರಿಚಯವನ್ನು ಅವರು ಧಾರಾಳವಾಗಿ ಬರೆಯಲಿ. ಆದರೆ ಅದರಲ್ಲಿ ಗುಣವಾಚಕಗಳಿಗಿಂತ ಮಾಡಿದ ಕೆಲಸಗಳು ಹೆಚ್ಚಿರಲಿ. ಪ್ರಾಮಾಣಿಕ, ಪರಿಶ್ರಮಿ ಎಂದು ತಮ್ಮನ್ನು ತಾವು ಕರೆದುಕೊಳ್ಳುವುದಕ್ಕಿಂತ ಯಾವ ಕೆಲಸವನ್ನು ಎಷ್ಟು ಕಾಲ ಯಾರ ಜೊತೆ ಮಾಡಿದೆವೆಂದು ಹೇಳುವುದು ಮೇಲು. ಗುಣದ ನಿರ್ಣಯವನ್ನು ಓದಿದವರಿಗೆ ಬಿಡಬಹುದು. ಮೌಲ್ಯವೊಂದನ್ನು ತಮ್ಮದೆನ್ನುವ ಮುನ್ನ, ಅದಕ್ಕಾಗಿ ಇದುವರೆಗೆ ಏನನ್ನು ಕಳೆದುಕೊಂಡಿದ್ದೇವೆ, ನಾಳೆ ಏನನ್ನು ಕಳೆದುಕೊಳ್ಳಲು ಸಿದ್ಧರಿದ್ದೇವೆ ಎಂದು ಕೇಳಿಕೊಳ್ಳಲಿ. ಉತ್ತರ ಬಾರದಿದ್ದರೆ ಆ ಮೌಲ್ಯ ಇನ್ನೂ ತಮ್ಮದಾಗಿಲ್ಲ. ಅದನ್ನು ಅಭ್ಯಾಸ ಮಾಡಬೇಕಾಗಿದೆ ಎಂದು ತಿಳಿಯಲಿ. ಕೆಲಸ ಕಲಿಸಿದವರ ಹೆಸರನ್ನು, ಜೊತೆಯಲ್ಲಿ ದುಡಿದವರ ಹೆಸರನ್ನು ತಮ್ಮ ಹೆಸರಿನೊಡನೆ ಹೇಳುವ ರೂಢಿಯನ್ನು ಬೆಳೆಸಿಕೊಳ್ಳಲಿ. ಅಂಕಿತದ ಮರ್ಮ ಇದೇ ಆಗಿದೆ.

ಹಿರಿಯರಿಗೂ ಒಂದು ಕರ್ತವ್ಯವಿದೆ. ತಮ್ಮ ಮೇಲ್ವಿಚಾರಣೆಯಲ್ಲಿ ದುಡಿಯುವ ಕಿರಿಯರು ಬಾಯಿಬಿಟ್ಟು ಹೇಳಿಕೊಂಡರೆ ಮಾತ್ರ ಗಮನಿಸುವುದು, ಮೌನವಾಗಿ ದುಡಿದವರನ್ನು ಮರೆಯುವುದು ಹಿರಿಯರಿಗೆ ಸಲ್ಲದು. ಎಲೆಮರೆಯ ಕಾಯಿಯನ್ನು ಹೊಗಳುವವರು ಎಲೆಯನ್ನು ಸರಿಸಿ ನೋಡುವ ಶ್ರಮವನ್ನೂ ತೆಗೆದುಕೊಳ್ಳಬೇಕು. ಒಳ್ಳೆಯ ಕೆಲಸಕ್ಕೆ ಸಾಕ್ಷಿ ನುಡಿಯುವವರು ಸಮಾಜದಲ್ಲಿ ಕಡಿಮೆಯಾದಾಗಲೇ ಮನುಷ್ಯ ತನ್ನ ಡಂಗುರವನ್ನು ತಾನೇ ಸಾರಿಕೊಳ್ಳಬೇಕಾದ ಸ್ಥಿತಿ ಬರುತ್ತದೆ. ಮಾಚಯ್ಯನ ಹೆಸರು, ಚಂದಯ್ಯನ ಹೆಸರು ಇಂದಿನವರೆಗೆ ಬಂದದ್ದು ಅವರ ಕಾಯಕವನ್ನು ಕಣ್ಣಾರೆ ಕಂಡ ಸಹಶರಣರು ಅವರನ್ನು ಕೊಂಡಾಡಿದ್ದರಿಂದ. ಅದನ್ನು ತಲೆಮಾರಿನಿಂದ ತಲೆಮಾರಿಗೆ ಜನ ದಾಟಿಸಿದ್ದರಿಂದ.

ಕಾಯಕದಿಂದ ಬಂದ ಹೆಸರು ಕಾಯಕ ಇರುವವರೆಗೂ ಇರುತ್ತದೆ, ಅದರಾಚೆಗೂ ಇರುತ್ತದೆ. ಹೆಸರಿಗಾಗಿ ಹಿಡಿದ ಕಾಯಕ ಹೆಸರು ಬಂದ ದಿನವೇ ಸಡಿಲವಾಗುತ್ತದೆ. ಗಣಿಯ ಮಣ್ಣಿನಲ್ಲಿ ಚಿನ್ನವಿದೆಯೆಂದು ಫಲಕ ಹಾಕಿದ ಮಾತ್ರಕ್ಕೆ ಚಿನ್ನ ಸಿಕ್ಕಿದ್ದಿಲ್ಲ. ಕೆಳಗಿಳಿಯಬೇಕು, ಕಲ್ಲು ಒಡೆಯಬೇಕು, ಅರೆಯಬೇಕು, ತೊಳೆಯಬೇಕು. ಆಮೇಲೆ ಉಳಿದ ಚೂರಿಗೆ ಬೆಲೆ ಕಟ್ಟುವವರು ಬೇರೆಯವರು. ಕೋಲಾರದ ಹಿರಿಯರಿಗೆ ಈ ಸತ್ಯ ಕೈಯಾರೆ ದುಡಿದು ತಿಳಿದದ್ದು. ಅವರ ಮಕ್ಕಳೂ ಮೊಮ್ಮಕ್ಕಳೂ ಕೈಹಿಡಿದ ಕೆಲಸಕ್ಕೆ ಇದೇ ತಾಳ್ಮೆಯನ್ನು ತರಲಿ, ಸತ್ಯಶುದ್ಧವಾದ ಹೆಸರು ಅವರದಾಗಲಿ.